ಆದಾಯ ಕಡಿಮೆ, ಆದ್ದರಿಂದ ಸಬ್ಸಿಡಿ ಇಲ್ಲ

ಡಲ್ಲಾಸ್ ಪಕ್ಕದ ಊರಿನಲ್ಲಿ ಚಕ್ಕುಲಿ, ಕೋಡುಬಳೆ ಮಾಡಿ ಮಾರುವ, ಒಂಟಿಯಾಗಿರುವ ಕನ್ನಡತಿಯೊಬ್ಬರು 2026ರ ಆರೋಗ್ಯ ವಿಮೆಗೆ ಅರ್ಜಿ ತುಂಬಿದರು. ಅಮೆರಿಕದ ಪೌರತ್ವ ಇದೆ, ವರ್ಷದ ಆದಾಯ 14,000 ಡಾಲರ್. ಬಂದ ಉತ್ತರ: ಸಬ್ಸಿಡಿ ಇಲ್ಲ, ಪೂರ್ತಿ ಪ್ರೀಮಿಯಂ ಕಟ್ಟಬೇಕು. 16,000 ಇದ್ದಿದ್ದರೆ ಸಿಗುತ್ತಿತ್ತು!

2010ರ ಒಬಾಮಾ ಆರೋಗ್ಯ ವಿಮೆ ಕಾಯ್ದೆ ಹೀಗೆ ಇರಲಿಲ್ಲ. ಸರ್ಕಾರ ಗೊತ್ತುಮಾಡಿದ ಬಡತನ ಮಟ್ಟದ ಶೇ. 138ರವರೆಗೆ ಆದಾಯ ಇರುವವರನ್ನು ಮೆಡಿಕೇಡ್, ಅಂದರೆ ಬಡವರಿಗಿರುವ ಸರ್ಕಾರಿ ವಿಮೆ, ನೋಡಿಕೊಳ್ಳಬೇಕಿತ್ತು. ಅದಕ್ಕೇ ಸಬ್ಸಿಡಿಯನ್ನು ಶೇ. 100ರಿಂದ ಮೇಲಿನವರಿಗಷ್ಟೇ ಇಟ್ಟರು. 2026ರ ವಿಮೆಗೆ ಒಬ್ಬರ ಮನೆಗೆ ಆ ಶೇ. 100ರ ಗೆರೆ 15,650 ಡಾಲರ್. ಆದರೆ 2012ರಲ್ಲಿ ಸುಪ್ರೀಂ ಕೋರ್ಟು ಮೆಡಿಕೇಡ್ ವಿಸ್ತರಣೆಯನ್ನು ರಾಜ್ಯಗಳ ಇಷ್ಟಕ್ಕೆ ಬಿಟ್ಟಿತು. ವಿಸ್ತರಣೆಯ ಖರ್ಚಿನಲ್ಲಿ ಶೇ. 90 ವಾಷಿಂಗ್ಟನ್ನಿನದು. ಟೆಕ್ಸಸ್ ಬೇಡ ಎಂದಿತು. ಸುತ್ತಲಿನ ಲೂಸಿಯಾನ, ಅರ್ಕನ್ಸಾ, ಒಕ್ಲಹೋಮ, ನ್ಯೂ ಮೆಕ್ಸಿಕೊ ನಾಲ್ಕೂ ಒಪ್ಪಿವೆ. ಗಡಿ ದಾಟಿ ಒಕ್ಲಹೋಮದಲ್ಲಿ ಮನೆ ಮಾಡಿದರೆ ಅದೇ ಹೆಣ್ಣುಮಗಳಿಗೆ ಮೆಡಿಕೇಡ್ ಸಿಗುತ್ತದೆ.

ನನಗೆ ಊರು ನೆನಪಾಗುವುದು ಇಲ್ಲೇ. 2018ರಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಬಂದಾಗ ಕರ್ನಾಟಕ ಅದನ್ನು ತನ್ನ ಆರೋಗ್ಯ ಕರ್ನಾಟಕದ ಜೊತೆ ಸೇರಿಸಿಕೊಂಡಿತು. ಕೇಂದ್ರದ ಪಟ್ಟಿಯಲ್ಲಿ ಇಲ್ಲದ ಬಿಪಿಎಲ್ ಮನೆಗಳಿಗೂ ರಾಜ್ಯವೇ ದುಡ್ಡು ಹಾಕಿ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆ ಕೊಟ್ಟಿತು. ಎಪಿಎಲ್‌ನವರಿಗೂ ಚಿಕಿತ್ಸೆಗೆ ಗೊತ್ತುಮಾಡಿದ ಪ್ಯಾಕೇಜ್ ದರದ ಶೇ. 30, ಮಿತಿ ಒಂದೂವರೆ ಲಕ್ಷ. ದಿಲ್ಲಿ ಹಾಕಿದ ಗೆರೆಯನ್ನು ನಮ್ಮವರು ಅಗಲ ಮಾಡಿದರು, ಇಲ್ಲಿ ಟೆಕ್ಸಸ್‌ನವರು ತಮ್ಮವರನ್ನೇ ಗೆರೆಯ ಹೊರಗೆ ಬಿಟ್ಟರು.

ಅರ್ಜಿ ತುಂಬುವವರು ಒಂದು ವಿಷಯ ಗಮನಿಸಬೇಕು. ಕೇಳುವುದು ಮುಂದಿನ ವರ್ಷದ ಅಂದಾಜು ಆದಾಯ. ಸ್ವಂತ ಕಸುಬಿನವರಾದರೆ ಖರ್ಚು ಕಳೆದು ಉಳಿದದ್ದು. ಆರ್ಡರುಗಳ ಲೆಕ್ಕ ಇಟ್ಟು ಪ್ರಾಮಾಣಿಕವಾಗಿ ಗೆರೆಯ ಮೇಲಿನ ಅಂದಾಜು ಕೊಟ್ಟು, ಮುಂಗಡ ಸಬ್ಸಿಡಿ ಪಡೆದ ಮೇಲೆ ವ್ಯಾಪಾರ ಬಿದ್ದು ಗೆರೆಯ ಕೆಳಗೆ ಇಳಿದರೆ, ಅದೊಂದೇ ಕಾರಣಕ್ಕೆ ತೆರಿಗೆ ಹೊತ್ತಿನಲ್ಲಿ ಅದನ್ನು ವಾಪಸು ಕೇಳುವುದಿಲ್ಲ. ಬೇಕೆಂದೇ ಸುಳ್ಳು ಅಂದಾಜು ಬರೆದವರಿಗೆ ಈ ರಕ್ಷಣೆ ಇಲ್ಲ.

ಗ್ರೀನ್ ಕಾರ್ಡಿನ ಮೇಲೆ ಅಪ್ಪ ಅಮ್ಮನನ್ನು ಕರೆಸಿಕೊಂಡವರ ಪಾಡು ಬೇರೆ. ಇಲ್ಲಿ ದುಡಿಯದ ಹಿರಿಯರಿಗೆ 65 ದಾಟಿದ್ದರೂ ಐದು ವರ್ಷ ಇಲ್ಲೇ ನೆಲೆಸುವ ತನಕ ಮೆಡಿಕೇರ್, ಅಂದರೆ ಹಿರಿಯರ ಸರ್ಕಾರಿ ವಿಮೆ, ಕೊಳ್ಳುವುದಕ್ಕೂ ಆಗದು. ಅಲ್ಲಿಯವರೆಗೆ, ಗೆರೆಯ ಕೆಳಗಿದ್ದರೂ ವಲಸಿಗರೆಂಬ ಕಾರಣಕ್ಕೆ ಸಿಗುತ್ತಿದ್ದ ಸಬ್ಸಿಡಿ 2026ರ ಜನವರಿಯಿಂದ ರದ್ದು. ಮಗನ ತೆರಿಗೆಯಲ್ಲಿ ಅವಲಂಬಿತರೆಂದು ತೋರಿಸಿದರೆ ಮಗನ ಆದಾಯವೇ ಲೆಕ್ಕಕ್ಕೆ ಬರುತ್ತದೆ, ಅದು ಬಡತನ ಮಟ್ಟದ ಶೇ. 400 ದಾಟಿದರೆ ಈಗ ಏನೂ ಇಲ್ಲ. ಟಿಕೆಟ್ ಮಾಡಿಸುವ ಮೊದಲೇ ಪ್ರೀಮಿಯಂ ವಿಚಾರಿಸಿ.

ಊರಿನದನ್ನು ಹೊಗಳಿದ ಮೇಲೆ ಇದನ್ನೂ ಹೇಳಲೇಬೇಕು. ಅಲ್ಲಿ ತುರ್ತು ಪಟ್ಟಿಯಲ್ಲಿ ಇಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಇಲ್ಲದೆ ಖಾಸಗಿ ಆಸ್ಪತ್ರೆಗೆ ಹೋದರೆ ಯೋಜನೆ ಅನ್ವಯಿಸುವುದಿಲ್ಲ. ತಿಂಗಳು ತಿಂಗಳು ನುಂಗುವ ಬಿಪಿ, ಶುಗರ್ ಮಾತ್ರೆಯನ್ನು ಅಂಗಡಿಯಲ್ಲಿ ಕೊಂಡರೆ ಆ 5 ಲಕ್ಷದಲ್ಲಿ ಬಿಡಿಗಾಸೂ ಬಾರದು. ಇಲ್ಲಿ ಮಾರ್ಕೆಟ್‌ಪ್ಲೇಸ್ ವಿಮೆ (ಈ ಕಾಯ್ದೆಯಡಿ ಸಬ್ಸಿಡಿ ಸಿಗುವ ಖಾಸಗಿ ವಿಮೆ) ಸಿಕ್ಕವರಿಗೆ ಮಾತ್ರೆಯೂ ಅದರಲ್ಲೇ ಸೇರಿರುತ್ತದೆ, ಹಳೆಯ ಕಾಯಿಲೆ ಇದೆಯೆಂದು ಕಂಪನಿ ತಿರಸ್ಕರಿಸುವಂತಿಲ್ಲ. 2013ರಲ್ಲಿ ಟೆಕ್ಸಸ್‌ನ ಶೇ. 22ರಷ್ಟು ಜನ ವಿಮೆ ಇಲ್ಲದೆ ಇದ್ದರು. ವಿಸ್ತರಣೆ ಇಲ್ಲದೆಯೂ ಹತ್ತು ವರ್ಷದಲ್ಲಿ ಅದು 17ರ ಆಸುಪಾಸಿಗೆ ಇಳಿಯಿತು.