ಮೀನಿನ ತೊಟ್ಟಿಗೂ ಹೆಪ್ಪು ಬೇಕು

ಮುಲುಂಡಿನಲ್ಲಿರುವ ತಂಗಿಯ ಮಗ ಮೊನ್ನೆ ಫೋನು ಮಾಡಿದ್ದ. "ಮಾವ, ಎರಡಡಿಯ ಟ್ಯಾಂಕಿಗೆ ಕ್ಯಾನಿಸ್ಟರ್ ಫಿಲ್ಟರ್ ತೆಗೆದುಕೊಳ್ಳಲೇ? ಅಂಗಡಿಯವರು ಅದೇ ಒಳ್ಳೆಯದು ಎನ್ನುತ್ತಿದ್ದಾರೆ." ಎಷ್ಟು ಮೀನು ಎಂದೆ. ಎಂಟು ಗಪ್ಪಿ. ಕ್ಯಾನಿಸ್ಟರ್ ಎಂದರೆ ತೊಟ್ಟಿಯ ಹೊರಗಿಟ್ಟು ಮೋಟಾರಿನಿಂದ ನೀರು ಹಾಯಿಸುವ ಮುಚ್ಚಿದ ಡಬ್ಬಿ. ಎಂಟು ಗಪ್ಪಿಗೆ ಅದು ಇಬ್ಬರ ಸಂಸಾರಕ್ಕೆ ಮದುವೆ ಛತ್ರದ ಗ್ರೈಂಡರ್ ಹೊತ್ತು ತಂದ ಹಾಗೆ. ಸ್ಪಂಜ್ ಫಿಲ್ಟರ್ ಸಾಕು ಎಂದರೆ ಅವನಿಗೆ ನಂಬಿಕೆಯಿಲ್ಲ. ಅಷ್ಟು ಅಗ್ಗದ ವಸ್ತು ಕೆಲಸ ಮಾಡುತ್ತದೆಯೇ ಎಂಬ ಅನುಮಾನ.

ನಾನೂ ಹಾಗೆಯೇ ಯೋಚಿಸಿ ಕೈ ಸುಟ್ಟುಕೊಂಡವನು. ಡೊಂಬಿವಲಿಯ ಮನೆಗೆ ಮೊದಲ ಟ್ಯಾಂಕ್ ತಂದಾಗ, ಅಂಚಿಗೆ ನೇತುಹಾಕುವ ಚೆಂದದ ಫಿಲ್ಟರೊಂದನ್ನು ಕೊಂಡೆ. ಅದರೊಳಗಿನ ನೀರು ಸೋಸುವ ಕಾರ್ಟ್ರಿಜನ್ನು ತಿಂಗಳಿಗೊಮ್ಮೆ ಬಿಸಾಡಿ ಹೊಸದು ಹಾಕಬೇಕೆಂದು ಅಂಗಡಿಯವರು ಹೇಳಿದರು. ನಾನು ವಿಧೇಯನಾಗಿ ಹಾಕಿದೆ. ಮೂರನೆಯ ಸಲ ಬದಲಾಯಿಸಿದ ನಾಲ್ಕೇ ದಿನಕ್ಕೆ ಮೀನುಗಳು ಮೇಲೆ ಬಂದು ಬಾಯಿ ಬಡಿಯತೊಡಗಿದವು. ಐದು ಸತ್ತವು. ನೀರು ಮಾತ್ರ ಗಾಜಿನಷ್ಟು ತಿಳಿಯಾಗಿತ್ತು.

ಅಲ್ಲಿಯವರೆಗೆ ಫಿಲ್ಟರ್ ಎಂದರೆ ಕಸ ಹಿಡಿಯುವ ಜರಡಿ ಎಂದುಕೊಂಡಿದ್ದೆ. ಮೀನಿನ ಕಿವಿರಿನಿಂದ, ಹೊಲಸಿನಿಂದ, ತಿನ್ನದೆ ಉಳಿದ ಆಹಾರದಿಂದ ನೀರಿಗೆ ಅಮೋನಿಯ ಸೇರುತ್ತದೆ. ಅದು ಕಣ್ಣಿಗೆ ಕಾಣದ ವಿಷ. ಒಂದು ಬಗೆಯ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟನ್ನು ಮೀನುಗಳು ಒಂದಷ್ಟು ತಾಳಿಕೊಳ್ಳುತ್ತವೆ. ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಆಯಿತು. ಈ ಬ್ಯಾಕ್ಟೀರಿಯಗಳು ನೀರಿನಲ್ಲಿ ತೇಲುವುದಕ್ಕಿಂತ ಏನಾದರೊಂದಕ್ಕೆ ಅಂಟಿಕೊಂಡೇ ಬದುಕುತ್ತವೆ. ಫಿಲ್ಟರ್ ಅವುಗಳ ವಠಾರ. ವಠಾರ ತುಂಬಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ನಾನು ತಿಂಗಳಿಗೊಮ್ಮೆ ಬಾಡಿಗೆದಾರರ ಸಮೇತ ವಠಾರವನ್ನೇ ಕಸದ ಬುಟ್ಟಿಗೆ ಹಾಕುತ್ತಿದ್ದೆ.

ಅಮ್ಮನಿಗೆ ಇದನ್ನೆಲ್ಲ ವಿವರಿಸಿದಾಗ, "ನಮ್ಮ ಬಾವಿಯ ಮೀನಿಗೆ ಯಾರು ಮೋಟಾರು ಇಟ್ಟಿದ್ದರು?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಬಾವಿಯಲ್ಲಿ ಸಾವಿರಾರು ಲೀಟರ್ ನೀರು, ಬೆರಳೆಣಿಕೆಯ ಮೀನು. ಪಾಚಿ ಕಟ್ಟಿದ ಕಲ್ಲಿನ ಗೋಡೆಯೇ ಅಲ್ಲಿ ಫಿಲ್ಟರ್. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ನಮ್ಮ ತೊಟ್ಟಿಯಲ್ಲಿ ಕಂಠಮಟ್ಟ ತುಂಬಿದರೂ 56 ಲೀಟರ್.

ಸ್ಪಂಜ್ ಫಿಲ್ಟರಿನಲ್ಲಿ ಏರ್ ಪಂಪ್ ಗುಳ್ಳೆಗಳನ್ನು ಕೊಳವೆಯೊಳಗೆ ಬಿಡುತ್ತದೆ, ಗುಳ್ಳೆ ಮೇಲೇರುವಾಗ ನೀರನ್ನು ಸ್ಪಂಜಿನ ಮೂಲಕ ಎಳೆದುಕೊಂಡು ಬರುತ್ತದೆ, ಅಷ್ಟೇ. ಸೆಳೆತ ಮೆದು, ಉದ್ದ ಬಾಲದ ಗಪ್ಪಿಯಾಗಲಿ ಫೈಟರ್ ಆಗಲಿ ಇಡೀ ದಿನ ಪ್ರವಾಹದ ವಿರುದ್ಧ ಈಜಬೇಕಾಗಿಲ್ಲ. ಮರಿಗಳು ಒಳಗೆ ಸೆಳೆದುಹೋಗುವುದಿಲ್ಲ. ಮಳೆಗಾಲದಲ್ಲಿ ಗಂಟೆಗಟ್ಟಲೆ ವಿದ್ಯುತ್ ಹೋದಾಗ ಮುಚ್ಚಿದ ಕ್ಯಾನಿಸ್ಟರಿನೊಳಗೆ ಆಮ್ಲಜನಕ ಮುಗಿದು ಬ್ಯಾಕ್ಟೀರಿಯ ಸಾಯತೊಡಗುತ್ತವೆ, ವಿದ್ಯುತ್ ಬಂದೊಡನೆ ಆ ಕೊಳೆತ ನೀರು ತೊಟ್ಟಿಗೇ ಬಂದು ಬೀಳುತ್ತದೆ. ಸ್ಪಂಜು ತೊಟ್ಟಿಯ ನೀರಿನಲ್ಲೇ ಇರುವುದರಿಂದ ಆ ಭಯ ಕಡಿಮೆ. ಸೆಲ್ ಹಾಕುವ ಏರ್ ಪಂಪೊಂದಿದ್ದರೆ ಇನ್ನೂ ನೆಮ್ಮದಿ. ಆದರೆ ಒಂದು ಎಚ್ಚರ: ಪಂಪನ್ನು ನೀರಿನ ಮಟ್ಟಕ್ಕಿಂತ ಕೆಳಗಿಟ್ಟರೆ, ಅದು ನಿಂತಾಗ ನೀರು ಕೊಳವೆಯಲ್ಲಿ ಹಿಮ್ಮುಖವಾಗಿ ಇಳಿದು ಪಂಪಿಗೆ, ಅಲ್ಲಿಂದ ಸ್ವಿಚ್ ಬೋರ್ಡಿಗೂ ತಲುಪಬಹುದು. ಎತ್ತರದಲ್ಲಿಡಿ, ಇಲ್ಲವೇ ಕೊಳವೆಗೆ ಹಿಮ್ಮುಖ ತಡೆಯುವ ವಾಲ್ವ್ ಹಾಕಿ.

ಕುಂದುಗಳೂ ಇವೆ. ನೋಡಲು ಅಂದವಿಲ್ಲ, ಜಾಗ ತಿನ್ನುತ್ತದೆ, ಒಂದೇ ಕೋಣೆಯ ಮನೆಯಲ್ಲಿ ರಾತ್ರಿಯೆಲ್ಲ ಪಂಪಿನ ಗೊರಗೊರ. ಅದರಡಿ ಹಳೆಯ ಬನಿಯನ್ ಮಡಚಿಟ್ಟ ಮೇಲೆ ನನ್ನ ಹೆಂಡತಿಯ ದೂರು ಅರ್ಧ ಇಳಿಯಿತು. ಹೊಲಸು ಹೆಚ್ಚು ಮಾಡುವ ಗೋಲ್ಡ್ ಫಿಶ್ ಸಾಕುವವರಿಗೆ, ನಾಲ್ಕಡಿಯ ಟ್ಯಾಂಕಿನವರಿಗೆ ಕ್ಯಾನಿಸ್ಟರ್ ಬೇಡವೆನ್ನಲಾರೆ. ಅವರೂ ಡಬ್ಬಿಯ ಮೇಲಿನ 'ಗಂಟೆಗೆ ಇಷ್ಟು ಲೀಟರ್' ಎಂಬ ಅಂಕಿಯನ್ನು ಪೂರ್ತಿ ನಂಬದಿರಲಿ. ಒಳಗೆ ಸ್ಪಂಜು ತುಂಬಿ, ಕೊಳೆ ಕಟ್ಟಿದ ಮೇಲೆ ಅಷ್ಟು ಹರಿಯುವುದಿಲ್ಲ.

ಯಾವ ಫಿಲ್ಟರ್ ತಂದರೂ ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯಬೇಡಿ. ನಲ್ಲಿ ನೀರಿನ ಕ್ಲೋರಿನ್ ನಮ್ಮ ಹೊಟ್ಟೆಗೆ ಒಳ್ಳೆಯದು, ಈ ಬ್ಯಾಕ್ಟೀರಿಯಕ್ಕೆ ಮೃತ್ಯು. ತೊಟ್ಟಿಯಿಂದ ತೆಗೆದ ನೀರನ್ನೇ ಬಕೆಟ್ಟಿಗೆ ಹಾಕಿ ಅದರಲ್ಲಿ ನಾಲ್ಕು ಸಲ ಹಿಂಡಿ, ಸಾಕು. ಹೊಳೆಯುವಷ್ಟು ಸ್ವಚ್ಛವಾಗಬೇಕಿಲ್ಲ.

ತಂಗಿಯ ಮಗನಿಗೆ ಕೊನೆಗೆ ನನ್ನ ತೊಟ್ಟಿಯ, ಬ್ಯಾಕ್ಟೀರಿಯ ತುಂಬಿದ ಹಳೆಯ ಸ್ಪಂಜನ್ನೇ ಕೊಡುವುದೆಂದು ತೀರ್ಮಾನವಾಗಿದೆ. ಹೆಪ್ಪು ಮುಗಿದಾಗ ಪಕ್ಕದ ಮನೆಯಿಂದ ಒಂದು ಚಮಚ ಮೊಸರು ತರುವುದಿಲ್ಲವೇ, ಹಾಗೆ. ನನ್ನ ಮೀನುಗಳಿಗೆ ರೋಗವಿಲ್ಲವೆಂದು ಖಾತ್ರಿಯಿರುವುದರಿಂದ ಕೊಡುತ್ತಿದ್ದೇನೆ. ಡೊಂಬಿವಲಿ, ಠಾಣೆ ಕಡೆ ಹೊಸ ಟ್ಯಾಂಕ್ ಇಟ್ಟವರಿದ್ದರೆ ಭಾನುವಾರ ಡಬ್ಬಿ ಹಿಡಿದು ಬನ್ನಿ. ಸ್ಪಂಜು ಒಣಗಿದರೆ ಕೆಲಸಕ್ಕೆ ಬಾರದು, ತೊಟ್ಟಿಯ ನೀರಿನಲ್ಲೇ ಮುಳುಗಿಸಿ ಕೊಡುತ್ತೇನೆ. ಡಬ್ಬಿಯ ಮುಚ್ಚಳ ಮಾತ್ರ ಗಟ್ಟಿಯಿರಲಿ, ಲೋಕಲ್ ಟ್ರೈನಿನಲ್ಲಿ ಪಕ್ಕದವರ ಮೇಲೆ ಚೆಲ್ಲಿದರೆ ಆ ವಾಸನೆಗೆ ನಾನು ಹೊಣೆಯಲ್ಲ.