ಹೆಂಗೂ ಖಾಲಿ ಇದ್ದೀಯಲ್ಲ

ನಿನ್ನೆ ನಮ್ಮ ದೊಡ್ಡಪ್ಪನ ಮಗಳ ಬೀಗರೂಟ. ಮನೆ ಮುಂದೆಯೇ ಶಾಮಿಯಾನ ಹಾಕಿದ್ದರು. ಮೂರನೇ ಪಂಕ್ತಿ ನಡೆಯುತ್ತಿತ್ತು. ನನ್ನ ಕೈಯಲ್ಲಿ ಮುದ್ದೆ ಬುಟ್ಟಿ. ಗಂಡಿನ ಕಡೆಯ ಹಿರಿಯರೊಬ್ಬರು ನನ್ನ ಮುಖ ನೋಡಿ, "ಈ ಮಗ ಏನ್ ಮಾಡ್ಕೊಂಡದೆ?" ಎಂದು ಕೇಳಿದರು. ನಾನು ಬಾಯಿ ತೆಗೆಯುವ ಮೊದಲೇ ಪಕ್ಕದ ಎಲೆಯಲ್ಲಿದ್ದ ನಮ್ಮ ಸೋದರತ್ತೆ ಹೇಳಿಬಿಟ್ಟರು. "ಡಿಗ್ರಿ ಮುಗ್ಸವ್ಳೆ ಕಣಣ್ಣ. ಈಗ ಸುಮ್ನೆ ಮನೇಲಿ ಖಾಲಿ ಕೂತವ್ಳೆ."

ಬೆಳಗ್ಗೆ ನಾಲ್ಕೂವರೆಗೆ ಎದ್ದಿದ್ದೆ ನಾನು. ಕೊಟ್ಟಿಗೆ ಬಾಚಿ, ಹಾಲು ಕರೆದು, ಡೈರಿಗೆ ಹಾಕಿ, ಅಲ್ಲಿಂದ ಸೀದಾ ದೊಡ್ಡಪ್ಪನ ಮನೆಗೆ ಹೋಗಿ ಬೆಳ್ಳುಳ್ಳಿ ಬಿಡಿಸಲು ಕೂತಿದ್ದೆ. ಇಡೀ ದಿನದಲ್ಲಿ ಕೂತಿದ್ದು ಅಷ್ಟೇ. ಆಮೇಲೆ ಮೂರು ಪಂಕ್ತಿಗೆ ಬಡಿಸಿದೆ. ಅತ್ತೆಯ ಎಲೆಗೆ ಮುದ್ದೆ ಇಟ್ಟಿದ್ದೂ ನಾನೇ. ಆ ಮುದ್ದೆ ಮುರಿಯುತ್ತಲೇ ನನ್ನನ್ನು ಖಾಲಿ ಎಂದರು.

ಏನೂ ಹೇಳದೆ ಮುಂದಿನ ಎಲೆಗೆ ಹೋದೆ. ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಕ್ಷಮಿಸಿ.

ಏಪ್ರಿಲ್ ಕೊನೆಯಲ್ಲಿ ಪರೀಕ್ಷೆ ಮುಗಿಸಿ, ಮೈಸೂರಿನ ಹಾಸ್ಟೆಲ್ ಬಿಟ್ಟು ಊರಿಗೆ ಬಂದೆ. ಎರಡು ಬ್ಯಾಗು, ಒಂದು ಬಕೆಟ್ಟು, ಮೂರು ವರ್ಷದ ಅರ್ಥಶಾಸ್ತ್ರದ ನೋಟ್ಸು. ಬಂದ ಮೊದಲ ವಾರ ಎಲ್ಲರಿಗೂ ಪ್ರೀತಿ. ಎರಡನೇ ವಾರದಿಂದ ಶುರುವಾಯಿತು ಈ ಮಾತು. "ಹೆಂಗೂ ಖಾಲಿ ಇದ್ದೀಯಲ್ಲ."

ಈ ಮಾತನ್ನು ಯಾವಾಗ ಹೇಳುತ್ತಾರೆ ಅಂತ ಗಮನಿಸಿದ್ದೀರಾ? ಯಾವಾಗಲೂ ಒಂದು ಕೆಲಸ ಹೇಳುವ ಮುಂಚೆ. "ಹೆಂಗೂ ಖಾಲಿ ಇದ್ದೀಯಲ್ಲ, ಅಜ್ಜಿನ ಮಂಡ್ಯಕ್ಕೆ ಕರ್ಕೊಂಡೋಗಿ ಬಿಪಿ ತೋರಿಸ್ಕೊಂಡು ಬಾ." ಹೋಗಿಬರಲು, ಸಾಲಿನಲ್ಲಿ ನಿಲ್ಲಲು ಒಂದು ಇಡೀ ದಿನ. "ಹೆಂಗೂ ಖಾಲಿ ಇದ್ದೀಯಲ್ಲ, ಈ ಪಹಣಿ ಒಸಿ ತೆಗೆದುಕೊಡವ್ವ." "ಪಿಎಂ ಕಿಸಾನ್ ದುಡ್ಡು ಬಂದಿಲ್ಲ, ಅದೇನೋ ಕೆವೈಸಿ ಅಂತೆ, ನೋಡವ್ವ." "ಗೃಹಲಕ್ಷ್ಮಿ ಎರಡು ಸಾವಿರ ಯಾಕೆ ನಿಂತದೆ ನೋಡು." ನಮ್ಮ ಬೀದಿಯ ಅರ್ಧ ಮನೆಗಳ ಆಧಾರ್ ಕಾರ್ಡು ನನ್ನ ಫೋನಿನಲ್ಲಿದೆ. ಒಟಿಪಿ ಬರುವ ನಂಬರು ಮಗನ ಹತ್ತಿರ, ಮಗ ಬೆಂಗಳೂರಿನಲ್ಲಿ, ಅವನು ಫೋನ್ ಎತ್ತುವುದಿಲ್ಲ. ಒಂದೊಂದು ಅರ್ಜಿಗೆ ಎರಡು ದಿನ ಹಿಡಿಯುತ್ತದೆ. ಇದೇ ಕೆಲಸಕ್ಕೆ ಪೇಟೆಯ ಸೈಬರ್ ಅಂಗಡಿಯಲ್ಲಿ ದುಡ್ಡು ಕೊಡುತ್ತಾರೆ, ಅಲ್ವಾ? ಅಲ್ಲಿ ಕೂತಿರುವ ಹುಡುಗನನ್ನು ಯಾರೂ ಖಾಲಿ ಎನ್ನುವುದಿಲ್ಲ. ದುಡ್ಡು ನನಗೆ ಬೇಡ. ಪಕ್ಕದ ಮನೆ ಚಿಕ್ಕವ್ವನ ದುಡ್ಡು ಖಾತೆಗೆ ಬಂದ ದಿನ ಅವರಿಗಿಂತ ನನಗೇ ಜಾಸ್ತಿ ಖುಷಿಯಾಗಿತ್ತು. ಆದರೆ ಕೆಲಸ ಮಾಡಿಸಿಕೊಂಡು, ಹೋಗುವಾಗ "ಇನ್ನೂ ಏನೂ ಕೆಲಸ ಆಗ್ಲಿಲ್ವ?" ಎಂದು ಕೇಳಿದಾಗ ಹೊಟ್ಟೆ ಉರಿಯುತ್ತದೆ.

ಕೊಟ್ಟಿಗೆ ವಿಷಯಕ್ಕೆ ಬರುತ್ತೇನೆ. ನಮ್ಮದು ಮೂರು ಸೀಮೆಹಸು. ಎರಡು ಕರೆಯುತ್ತವೆ, ಒಂದು ಗಬ್ಬ. ಬೆಳಗ್ಗೆ ಸಂಜೆ ಸೇರಿ 15 ಲೀಟರ್ ಹಾಲು. ಡೈರಿಯಲ್ಲಿ ಫ್ಯಾಟು, ಎಸ್‌ಎನ್‌ಎಫ್ (ಅಂದರೆ ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನ ಅಂಶ) ನೋಡಿ ರೇಟು ಹಾಕುತ್ತಾರೆ. ಎಸ್‌ಎನ್‌ಎಫ್ 8.5ರ ಕೆಳಗೆ ಬಂದರೆ ರೇಟು ಇಳಿಯುತ್ತದೆ. ನಮ್ಮದು ಮೇ ತಿಂಗಳ ಬಿಸಿಲಿಗೆ ಇಳಿಯುತ್ತಲೇ ಇತ್ತು. ಪಶುವೈದ್ಯರನ್ನು ಕೇಳಿ ಖನಿಜ ಮಿಶ್ರಣ ಶುರುಮಾಡಿದೆ, ಮಧ್ಯಾಹ್ನ ಮೈಗೆ ನೀರು ಹಾಕಿದೆ, ಬರೀ ಒಣಹುಲ್ಲಿನ ಬದಲು ಹಸಿಮೇವು ಜಾಸ್ತಿ ಮಾಡಿದೆ. ಹಸಿಮೇವು ಅಂದರೆ ಗದ್ದೆ ಬದುವಿನ ನೇಪಿಯರ್ ಹುಲ್ಲು, ಇಲ್ಲದಿದ್ದರೆ ಕಬ್ಬಿನ ಸೋಗೆ. ಸೋಗೆ ಅಂಚು ಬ್ಲೇಡಿನ ಹಾಗೆ. ನನ್ನ ಎರಡು ಮುಂಗೈ ನೋಡಿದರೆ ಗೊತ್ತಾಗುತ್ತದೆ. ಹದಿನೈದು ದಿನಕ್ಕೆ ಎಸ್‌ಎನ್‌ಎಫ್ ಮತ್ತೆ ಮೇಲೆ ಬಂತು. ಹಾಸ್ಟೆಲಿನಲ್ಲಿ ರ್‍ಯಾಂಕ್ ಬಂದಾಗಲೂ ಅಷ್ಟು ಸಂತೋಷ ಆಗಿರಲಿಲ್ಲ ನನಗೆ.

ಅದೇ ಹೊತ್ತಿಗೆ ಒಂದು ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆಯಲು ಶುರುಮಾಡಿದೆ. ಓದಿದ್ದು ಅದೇ ತಾನೆ. ಸರ್ಕಾರದ 5 ರೂಪಾಯಿ ಪ್ರೋತ್ಸಾಹಧನವೂ ಸೇರಿ ನಮಗೆ ಲೀಟರಿಗೆ 40 ರೂಪಾಯಿ ಆಸುಪಾಸು. ದಿನಕ್ಕೆ 600. ಬೂಸಾ, ಹಿಂಡಿ, ಔಷಧಿ, ಗಬ್ಬದ ಹಸುವಿನ ಮೇವು ಎಲ್ಲ ಕಳೆದರೆ ಉಳಿದಿದ್ದು 220. ಅಪ್ಪ ನೋಡಿ, "ಪರ್ವಾಗಿಲ್ವಲ್ಲ, ಲಾಭ ಅದೆ" ಎಂದರು. ಅದರ ಕೆಳಗೆ ಇನ್ನೊಂದು ಸಾಲು ಬರೆದೆ. ಅವ್ವನ ಕೂಲಿ. 2025-26ಕ್ಕೆ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಅದನ್ನು ಹಾಕಿದ ತಕ್ಷಣ ದಿನಕ್ಕೆ 150 ರೂಪಾಯಿ ನಷ್ಟ. ಅವ್ವನ ದುಡಿಮೆಯನ್ನು ಸೊನ್ನೆ ಎಂದು ಬರೆದರೆ ಮಾತ್ರ ನಮ್ಮ ಮನೆಗೆ ಲಾಭ. ಅಪ್ಪ ಸ್ವಲ್ಪ ಹೊತ್ತು ಆ ಪುಟವನ್ನೇ ನೋಡುತ್ತಿದ್ದರು. ಆಮೇಲೆ ಏನೂ ಹೇಳದೆ ಗದ್ದೆ ಕಡೆ ಹೋದರು.

ಈಗ "ಖಾಲಿ" ಎನ್ನುವವರಿಗೆ ಒಂದು ಮಾತು. ಕೇಂದ್ರ ಸರ್ಕಾರ 2017ರಿಂದ ಪಿಎಲ್‌ಎಫ್‌ಎಸ್ ಎಂಬ ಸಮೀಕ್ಷೆ ಮಾಡುತ್ತಿದೆ. ದೇಶದ ನಿರುದ್ಯೋಗದ ಲೆಕ್ಕ ಅದರಲ್ಲೇ ಬರುವುದು. ಮನೆಯ ಬೇಸಾಯಕ್ಕೋ ಹೈನಿಗೋ ಸಂಬಳ ಇಲ್ಲದೆ ಕೈಜೋಡಿಸುವವರನ್ನೂ ಅದು ದುಡಿಯುವವರ ಸಾಲಿಗೇ ಸೇರಿಸುತ್ತದೆ. ಅಂದರೆ ಸರ್ಕಾರದ ಲೆಕ್ಕದಲ್ಲಿ ಮೂರು ಹಸು ನೋಡಿಕೊಳ್ಳುವ ನಾನು ಖಾಲಿ ಅಲ್ಲ. ನಮ್ಮ ಅತ್ತೆಯ ಲೆಕ್ಕದಲ್ಲಿ ಖಾಲಿ. ಬರೀ ಅಡುಗೆ, ಮಕ್ಕಳು, ಮುದುಕರ ಆರೈಕೆ ಮಾಡುವವರನ್ನು ಆ ಸಮೀಕ್ಷೆಯೂ ಹೊರಗಿಡುತ್ತದೆ. ಅದು ಇನ್ನೊಂದು ಅನ್ಯಾಯ. 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೇ ಕೊಡುತ್ತಾರೆ ಅಂತ ಬಂತು. ಮನೆಗೆಲಸ ಮಾಡುವ ಗಂಡಸರು 97 ನಿಮಿಷ. ತರಗತಿಯಲ್ಲಿ ಈ ಅಂಕಿ ಬರೆದುಕೊಂಡಾಗ ಪರೀಕ್ಷೆಗೆ ಬರಬಹುದು ಅಂತ ಅಡಿಗೆರೆ ಹಾಕಿದ್ದೆ, ಅಷ್ಟೆ. ನಮ್ಮವ್ವ ನೆನಪಾಗಿರಲಿಲ್ಲ.

"ಅವರು ಕಾಳಜಿಗೆ ಕೇಳ್ತಾರೆ, ನೀನು ಸುಮ್ನೆ ಬೇಜಾರು ಮಾಡ್ಕೋತೀಯ" ಅಂತ ಗೆಳತಿ ಹೇಳಿದಳು. ಒಪ್ಪುತ್ತೇನೆ, ಸ್ವಲ್ಪ. ನನ್ನ ಹಾಸ್ಟೆಲ್ ಫೀಸಿಗೆ ಅವ್ವನ ಓಲೆ ಬ್ಯಾಂಕಿನಲ್ಲಿದೆ, ಅದು ಎಲ್ಲರಿಗೂ ಗೊತ್ತು. ಓದಿಸಿದ ಮೇಲೆ ದುಡಿಯಲಿ ಎನ್ನುವುದು ತಪ್ಪಲ್ಲ. ಆದರೆ ಕಾಳಜಿ ಇರುವವರು ಹಾಗೆ ಕೇಳುವುದಿಲ್ಲ. ಡೈರಿ ಸಾಲಿನಲ್ಲಿ ಒಬ್ಬರು ಅಜ್ಜಿ ನನ್ನ ಕೈ ಹಿಡಿದು, "ಇದೇನವ್ವ ಇಂಗೆ ಕುಯ್ಕೊಂಡಿದ್ದೀಯ, ಉದ್ದ ತೋಳಿಂದು ಹಾಕ್ಕೊಂಡು ಹೋಗು" ಎಂದರು. ಅದು ಕಾಳಜಿ. "ಯಾವ ಪರೀಕ್ಷೆಗೆ ಓದ್ತಿದ್ದೀಯ?" ಅಂತ ಕೇಳಿದರೆ ಅದೂ ಕಾಳಜಿ. ಖಾಲಿ ಎಂದು ಊರ ಮುಂದೆ ಹೇಳುವುದರಲ್ಲಿ ಯಾವ ಕಾಳಜಿ ಇದೆ?

ಯುವನಿಧಿ ಯೋಜನೆಯನ್ನೇ ನೋಡಿ. ಡಿಗ್ರಿ ಆದವರಿಗೆ ತಿಂಗಳಿಗೆ 3000 ರೂಪಾಯಿ, ಗರಿಷ್ಠ ಎರಡು ವರ್ಷ. ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದಿದ್ದರೆ ಮಾತ್ರ. ಆರು ತಿಂಗಳು ಬೇಕಾಗಬಹುದು ಅಂತ ಸರ್ಕಾರಕ್ಕೇ ಗೊತ್ತಿದೆ. ನನಗಿನ್ನೂ ರಿಸಲ್ಟೇ ಬಂದಿಲ್ಲ!

ನಾನು ಕೆಲಸ ಹುಡುಕಿಲ್ಲ ಅಂತಲೂ ಅಲ್ಲ. ಮೇ ತಿಂಗಳಲ್ಲಿ ಬೆಂಗಳೂರಿಗೆ ಒಂದು ಸಂದರ್ಶನಕ್ಕೆ ಹೋಗಿದ್ದೆ. ಬೆಳಗಿನ ರೈಲಿಗೆ ಹೋಗಿ ರಾತ್ರಿ ಬಂದೆ. ಫೋನಿನಲ್ಲಿ ಸಾಲದ ಕಂತು ಕೇಳುವ ಕೆಲಸ, ತಿಂಗಳಿಗೆ 14 ಸಾವಿರ. ಪಿಜಿಗೆ 8 ಸಾವಿರ. ನಮ್ಮಪ್ಪನಂಥವರಿಗೆ ದಿನಕ್ಕೆ ನೂರು ಸಲ ಫೋನ್ ಮಾಡಿ ಗದರಿಸಬೇಕು. ಬೇಡ ಎಂದು ಬಂದೆ. ಅತ್ತೆಗೆ ಇದನ್ನು ಹೇಳಿದಾಗ, "ಬಂದ ಲಕ್ಷ್ಮೀನ ಒದ್ದೆ" ಎಂದರು. ಆ ಕೆಲಸಕ್ಕೆ ಸೇರಿದ್ದಿದ್ದರೆ ನಿನ್ನೆ ಬೀಗರ ಮುಂದೆ ನನ್ನ ಬಗ್ಗೆ ಹೆಮ್ಮೆಯಿಂದ ಹೇಳುತ್ತಿದ್ದರು, ಗೊತ್ತು ನನಗೆ. ಇದೇ ನನಗೆ ಸಹಿಸಲು ಆಗದಿರುವುದು.

ಹುಡುಗರಿಗೂ ಇದು ತಪ್ಪಿಲ್ಲ. ನನ್ನ ದೊಡ್ಡಪ್ಪನ ಮಗ ನನಗಿಂತ ಎರಡು ವರ್ಷ ದೊಡ್ಡವನು. ಹಗಲು ಮಂಡ್ಯದ ಲೈಬ್ರರಿಯಲ್ಲಿ ಓದುತ್ತಾನೆ. ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದಾಗ ಪಂಪ್‌ಸೆಟ್ ಹಾಕಲು ಅವನೇ ಹೋಗುತ್ತಾನೆ. ನಮ್ಮ ಕಡೆ ಕಬ್ಬಿನ ಗದ್ದೆಯಲ್ಲಿ ಚಿರತೆ ಮರಿ ಹಾಕುತ್ತದೆ ಎಂದು ಗೊತ್ತಿದ್ದೂ ಹೋಗುತ್ತಾನೆ. ಅವನನ್ನೂ ಖಾಲಿ ಎನ್ನುತ್ತಾರೆ. 2023ರ ಫೆಬ್ರುವರಿಯಲ್ಲಿ ನಮ್ಮ ಜಿಲ್ಲೆಯ ಹುಡುಗರು ಹೆಣ್ಣು ಸಿಗಲಿ ಎಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರಲ್ಲ, ನೆನಪಿದೆಯಾ? ಟಿವಿಯಲ್ಲಿ ನೋಡಿ ತುಂಬ ಜನ ನಕ್ಕರು. ನನಗೆ ನಗು ಬರಲಿಲ್ಲ. ಬೇಸಾಯ ಮಾಡುವವನನ್ನು ಮನೆಯವರೇ "ಏನೂ ಇಲ್ಲ, ಮನೇಲವ್ನೆ" ಎಂದು ಪರಿಚಯ ಮಾಡಿಸಿದರೆ ಅವನಿಗೆ ಹೆಣ್ಣು ಕೊಡುವವರು ಯಾರು? ಹೆಣ್ಣು ಹೆತ್ತವರನ್ನು ಬೈಯುವ ಮುಂಚೆ ನಮ್ಮ ಬಾಯಲ್ಲಿ ಬರುವ ಈ ಒಂದು ಪದವನ್ನು ನೋಡಿಕೊಳ್ಳಬೇಕು.

ಇಷ್ಟೆಲ್ಲ ಬರೆದು ಒಂದು ವಿಷಯ ಮುಚ್ಚಿಟ್ಟರೆ ಅದು ಮೋಸ. ನಿನ್ನೆ ರಾತ್ರಿ ನಿದ್ದೆ ಬಾರದಿದ್ದಕ್ಕೆ ಅತ್ತೆ ಮಾತ್ರ ಕಾರಣ ಅಲ್ಲ. ಮೂರು ವರ್ಷವೂ ನನ್ನ ವಿದ್ಯಾರ್ಥಿವೇತನದ ಅರ್ಜಿಯನ್ನು ನಾನೇ ತುಂಬಿದ್ದೆ. ತಂದೆಯ ಉದ್ಯೋಗ: ಬೇಸಾಯ. ತಾಯಿಯ ಉದ್ಯೋಗ: ಇಲ್ಲ. ಮೂರು ಸಲ, ನನ್ನ ಕೈಯಲ್ಲೇ. ಡೈರಿಯ ಪಾಸ್‌ಬುಕ್ ಅವ್ವನ ಹೆಸರಿನಲ್ಲಿದೆ. ನನ್ನ ಹಾಸ್ಟೆಲಿನ ಮೆಸ್ ಬಿಲ್ ತಿಂಗಳು ತಿಂಗಳು ಕಟ್ಟಿದ್ದು ಆ ಖಾತೆಯ ದುಡ್ಡಿನಿಂದ. ಆದರೂ "ಇಲ್ಲ" ಎಂದು ಬರೆದು ಸಹಿ ಹಾಕಿಸಿಕೊಂಡಿದ್ದೆ. ಅವ್ವ ಏನು ಬರೆದಿದೆ ಎಂದು ಕೇಳಿಯೂ ಇರಲಿಲ್ಲ. ಬೀಗರೂಟದಲ್ಲಿ ಅತ್ತೆ ಹಾಗೆಂದಾಗ ಅವ್ವ ಅಲ್ಲೇ ನೀರಿನ ಜಗ್ ಹಿಡಿದು ನಿಂತಿದ್ದಳು. ನನ್ನ ಪರವಾಗಿ ಒಂದು ಮಾತು ಆಡಲಿಲ್ಲ ಎಂದು ನನಗೆ ಸಿಟ್ಟು ಬಂದಿತ್ತು. ಮೂವತ್ತು ವರ್ಷದಿಂದ ತನ್ನನ್ನೇ "ಏನೂ ಇಲ್ಲ, ಮನೇಲವ್ಳೆ" ಎನ್ನಿಸಿಕೊಂಡು ಬಂದವಳು ಅವಳು. ನಾನೂ ಹಾಗೇ ಬರೆದುಕೊಟ್ಟವಳು.

ಇವತ್ತು ಮಧ್ಯಾಹ್ನ ಎಂ.ಎ. ಅರ್ಜಿ ತುಂಬಲು ಕೂತೆ. ಸೇರುತ್ತೇನೋ, ಗ್ರಾಮ ಆಡಳಿತ ಅಧಿಕಾರಿ ಪರೀಕ್ಷೆಗೆ ಓದುತ್ತೇನೋ ಇನ್ನೂ ತೀರ್ಮಾನ ಆಗಿಲ್ಲ. ಹಾಕಿಡೋಣ ಅಂತ. ತಾಯಿಯ ಉದ್ಯೋಗ ಎಂಬ ಕಡೆ "ಹೈನುಗಾರಿಕೆ" ಎಂದು ಬರೆದು ಫೋನನ್ನು ಅವ್ವನಿಗೆ ತೋರಿಸಿದೆ. ಅವ್ವ ಏಳನೇ ಕ್ಲಾಸು. ಬೆರಳಿಟ್ಟು ನಿಧಾನಕ್ಕೆ ಓದಿದಳು. ಮುಖದಲ್ಲಿ ಭಯ ಕಾಣಿಸಿತು.

"ಇಂಗೆ ಬರೆದ್ರೆ ನಿನ್ನ ಸ್ಕಾಲರ್‌ಶಿಪ್ ನಿಂತೋಗಲ್ವಾ ಮಗ?"

"ನಿಲ್ಲಲ್ಲ ಕಣವ್ವ, ಆದಾಯ ಅಷ್ಟೇ ಇರೋದು" ಎಂದೆ.

ಇನ್ನೊಂದು ಸಲ ಓದಿದಳು. ಆಮೇಲೆ ಎದ್ದು, ಮೂಲೆಯಲ್ಲಿ ಮಗುಚಿಟ್ಟಿದ್ದ ಕ್ಯಾನು ಎತ್ತಿಕೊಂಡಳು. "ಸಂಜೆ ಹಾಲು ನಾನು ಕರ್ಕೋತೀನಿ, ಡೈರಿಗೂ ನಾನೇ ಹೋಯ್ತೀನಿ. ನೀನು ಅದನ್ನ ಪೂರ್ತಿ ತುಂಬಿ ಮುಗ್ಸು" ಎಂದು ಕೊಟ್ಟಿಗೆ ಕಡೆ ನಡೆದಳು.