ಬಾಡಿಗೆ ಮನೆ ಮಾರುವಾಗ ಸವಕಳಿಯ ಮೇಲೆ ತೆರಿಗೆ: ಪರ-ವಿರೋಧ

ಅಮೆರಿಕದಲ್ಲಿ ಮನೆ ಕೊಂಡು ಬಾಡಿಗೆಗೆ ಕೊಟ್ಟವರು ಕಟ್ಟಡದ ಬೆಲೆಯನ್ನು 27.5 ವರ್ಷಗಳಿಗೆ ಹಂಚಿ, ಆ ಪಾಲನ್ನು ಸವಕಳಿಯೆಂದು ಪ್ರತಿವರ್ಷ ಬಾಡಿಗೆ ಆದಾಯದಿಂದ ಕಳೆಯುತ್ತಾರೆ. ಮುಂದೆ ಮನೆಯನ್ನು ಲಾಭಕ್ಕೆ ಮಾರಿದಾಗ, ಹಾಗೆ ಕಳೆದ ಮೊತ್ತದ ಮೇಲೆ ಗರಿಷ್ಠ ಶೇ. 25ರವರೆಗೆ ತೆರಿಗೆ ಬೀಳುತ್ತದೆ. ಡಿಪ್ರಿಸಿಯೇಷನ್ ರೀಕ್ಯಾಪ್ಚರ್ ಎನ್ನುವ ಈ ತೆರಿಗೆ ನ್ಯಾಯವೇ?

ಪರ

4 ಲಕ್ಷ ಡಾಲರಿಗೆ ಕೊಂಡ ಮನೆಯೊಂದರಲ್ಲಿ ನಿವೇಶನದ ಪಾಲು 1.25 ಲಕ್ಷ ಎನ್ನೋಣ. ಭೂಮಿಗೆ ಸವಕಳಿಯಿಲ್ಲ, ಉಳಿದ 2.75 ಲಕ್ಷಕ್ಕೆ ವರ್ಷಕ್ಕೆ 10,000 ಡಾಲರ್ ಸವಕಳಿ ಸಿಗುತ್ತದೆ. ಹತ್ತು ವರ್ಷಗಳ ನಂತರ ಮನೆಯ ಲೆಕ್ಕದ ಬೆಲೆ 3 ಲಕ್ಷಕ್ಕೆ ಇಳಿದಿರುತ್ತದೆ. ಆಗ ಅದನ್ನು 5 ಲಕ್ಷಕ್ಕೆ ಮಾರಿದರೆ ಬರುವ 2 ಲಕ್ಷ ಲಾಭದಲ್ಲಿ ಅರ್ಧದಷ್ಟು ಸವಕಳಿಯಿಂದಲೇ ಹುಟ್ಟಿದ್ದು. ಮನೆಯ ಬೆಲೆ ಕುಗ್ಗಲಿಲ್ಲವೆಂದು ಕೊಳ್ಳುವವರೇ ತೋರಿಸಿಕೊಟ್ಟ ಮೇಲೆ, ಕುಗ್ಗಿದೆಯೆಂದು ಪಡೆದ ರಿಯಾಯಿತಿಯನ್ನು ಹಿಂದಿರುಗಿಸುವುದು ಸರಿಯಾದದ್ದೇ. ಬಾಡಿಗೆ ಆದಾಯಕ್ಕೆ ಶೇ. 32ರ ದರದಲ್ಲಿ ತೆರಿಗೆ ಕಟ್ಟಬೇಕಿದ್ದವರು ಆ ಒಂದು ಲಕ್ಷದಿಂದ 32,000 ಡಾಲರ್ ಉಳಿಸಿ, ಕೊನೆಗೆ ಹೆಚ್ಚೆಂದರೆ 25,000 ಕಟ್ಟುತ್ತಾರೆ, ಅದೂ ಬಡ್ಡಿಯಿಲ್ಲದೆ. ಸಂಬಳವನ್ನೇ ನಂಬಿದವರಿಗೆ ಇಂಥ ಅವಕಾಶ ಎಲ್ಲಿದೆ? ಈ ತೆರಿಗೆಯನ್ನು ತೆಗೆದುಹಾಕಿದರೆ ಅವರ ಮೇಲಿನ ಹೊರೆಯೇ ಹೆಚ್ಚುತ್ತದೆ.

ವಿರೋಧ

ಪಡೆದದ್ದನ್ನು ಹಿಂದಿರುಗಿಸಬೇಕೆಂಬ ತತ್ವಕ್ಕೆ ಯಾರ ತಕರಾರೂ ಇಲ್ಲ. ಆದರೆ ಕಾನೂನು ಅಲ್ಲಿಗೆ ನಿಲ್ಲುವುದಿಲ್ಲ: ಪಡೆದ ಸವಕಳಿಯ ಜೊತೆಗೆ, ಪಡೆಯಬಹುದಾಗಿದ್ದೂ ಪಡೆಯದೆ ಬಿಟ್ಟ ಸವಕಳಿಯನ್ನೂ ಅದು ಲೆಕ್ಕದ ಬೆಲೆಯಿಂದ ಕಳೆಯುತ್ತದೆ.

ಇದರ ಪೆಟ್ಟು ಅಲ್ಲಿ ನೆಲೆಸಿದ ಕನ್ನಡಿಗರಿಗೂ ತಟ್ಟುತ್ತದೆ. ಅಮೆರಿಕದ ತೆರಿಗೆ ನಿವಾಸಿಗಳು ಬೆಂಗಳೂರಿನ ಫ್ಲಾಟಿನ ಬಾಡಿಗೆಯನ್ನೂ ಅಲ್ಲಿ ತೋರಿಸಬೇಕು. ಭಾರತದಲ್ಲಿ ಅಂಥ ಬಾಡಿಗೆಗೆ ಶೇ. 30ರ ನಿಗದಿತ ಕಡಿತವಿದೆ, ಸವಕಳಿಯ ಮಾತೇ ಇಲ್ಲ. ಆದ್ದರಿಂದ ಸವಕಳಿಯನ್ನು ಕೇಳಬೇಕೆಂಬುದು ಎಷ್ಟೋ ಜನರಿಗೆ ಹೊಳೆಯುವುದೇ ಇಲ್ಲ. ಅಮೆರಿಕದ ನಿಯಮವಾದರೋ ಹೊರದೇಶದ ವಾಸದ ಮನೆಗೆ, 2018ರಿಂದೀಚೆಗೆ ಬಾಡಿಗೆಗೆ ಬಂದದ್ದಾದರೆ 30 ವರ್ಷ, ಅದಕ್ಕಿಂತ ಹಳೆಯದಾದರೆ 40 ವರ್ಷದ ಸವಕಳಿಯನ್ನು, ಕೇಳಿದರೂ ಕೇಳದಿದ್ದರೂ, ಎಣಿಸಿಬಿಡುತ್ತದೆ. ಭಾರತದಲ್ಲಿ ಕಟ್ಟಿದ ತೆರಿಗೆಗೆ ಕ್ರೆಡಿಟ್, ಅಂದರೆ ಅಮೆರಿಕದ ತೆರಿಗೆಯಲ್ಲಿ ವಿನಾಯಿತಿ, ಸಿಗುತ್ತದೆ, ನಿಜ. ಆದರೆ ಪಡೆಯದ ರಿಯಾಯಿತಿಯನ್ನು ಲಾಭಕ್ಕೆ ಸೇರಿಸುವ ಅನ್ಯಾಯ ಅದರಿಂದ ಸರಿಹೋಗದು. ಬಿಟ್ಟುಹೋದ ಸವಕಳಿಯನ್ನು ಫಾರಂ 3115 ಸಲ್ಲಿಸಿ ಒಟ್ಟಿಗೇ ಪಡೆಯಲು ದಾರಿಯಿದೆ. ಅದು ಒಳ್ಳೆಯ ಏರ್ಪಾಡು, ಆದರೆ ತಿಳಿದ ಲೆಕ್ಕಿಗರು ಸಿಕ್ಕವರಿಗೆ ಮಾತ್ರ.

ಹಣದುಬ್ಬರವನ್ನೂ ಈ ತೆರಿಗೆ ಗಮನಿಸುವುದಿಲ್ಲ. ಹತ್ತು ವರ್ಷಗಳಲ್ಲಿ ಡಾಲರಿನ ಬೆಲೆಯೇ ಇಳಿದದ್ದರಿಂದ ಕಾಣುವ ಏರಿಕೆಯೂ ಲಾಭವೆಂದೇ ಎಣಿಕೆಯಾಗುತ್ತದೆ.

ಇದಕ್ಕಿಂತ ಹೆಚ್ಚು ನೋವಾಗುವುದು ತಪ್ಪಿಸಿಕೊಳ್ಳುವ ದಾರಿಗಳು ಯಾರಿಗೆ ತೆರೆದಿವೆ ಎಂಬುದನ್ನು ನೋಡಿದಾಗ. ಮನೆ ಮಾರಿದ 45 ದಿನಗಳೊಳಗೆ ಇನ್ನೊಂದು ಆಸ್ತಿಯನ್ನು ಗುರುತಿಸಿ 180 ದಿನಗಳೊಳಗೆ ಕೊಂಡರೆ, 1031ನೇ ಸೆಕ್ಷನ್ನಿನಡಿ ತೆರಿಗೆಯನ್ನು ಮುಂದೂಡಬಹುದು. ಹೀಗೆ ಮುಂದೂಡುತ್ತಲೇ ಮಾಲೀಕರು ತೀರಿಕೊಂಡರೆ ವಾರಸುದಾರರಿಗೆ ಆಸ್ತಿಯ ಲೆಕ್ಕದ ಬೆಲೆ ಆ ದಿನದ ಮಾರುಕಟ್ಟೆ ಬೆಲೆಯೇ ಆಗುವುದರಿಂದ ಹಳೆಯ ಸವಕಳಿಯ ತೆರಿಗೆ ಅಳಿಸಿಯೇ ಹೋಗುತ್ತದೆ. ಮೈಸೂರಿಗೆ ಮರಳಲೆಂದು ಅಲ್ಲಿಯ ಒಂದೇ ಬಾಡಿಗೆ ಮನೆಯನ್ನು ಮಾರುವ ಕುಟುಂಬಕ್ಕೆ ಈ ಅನುಕೂಲವಿಲ್ಲ, ಏಕೆಂದರೆ ಅಮೆರಿಕದ ಆಸ್ತಿಗೆ ಬದಲಾಗಿ ಹೊರದೇಶದ ಆಸ್ತಿಯನ್ನು ಆ ಸೆಕ್ಷನ್ ಒಪ್ಪುವುದಿಲ್ಲ. ಹತ್ತಾರು ಕಟ್ಟಡಗಳ ಒಡೆಯರು ಮಾರದೆ ಕಾಯಬಲ್ಲರು. ಅನಿವಾರ್ಯವಾಗಿ ಮಾರುವವರು ಮಾತ್ರ ಪೂರ್ತಿ ತೆರಿಗೆ ಕಟ್ಟಬೇಕು.